ಹೊಸದಾಗಿ ಪಂಚಾಯ್ತಿ ಮೆಂಬರ್ ಆದ್ರಾ? ಮೊದ್ಲು ನೀರಗಂಟಿ ನಂಬರ್ ಸೇವ್ ಮಾಡ್ಕೊಳಿ

ಗೆದ್ದ ದಿನ ಹಾರ ಹಾಕ್ತಾರೆ, ಪಟಾಕಿ ಹೊಡೀತಾರೆ, ಟ್ರ್ಯಾಕ್ಟರ್ ಮೇಲೆ ನಿಲ್ಲಿಸ್ಕೊಂಡು ಊರೆಲ್ಲ ಸುತ್ತಿಸ್ತಾರೆ, ಮಾರನೇ ದಿನ ಬೆಳಿಗ್ಗೆ ಐದೂವರೆಗೆ ಫೋನು, "ಅಕ್ಕಾ ಎರಡು ದಿನದಿಂದ ನೀರೇ ಇಲ್ಲ". ಅಲ್ಲಿಂದ ಶುರು.

ನಾನು 2020ರ ಡಿಸೆಂಬರ್ ಎಲೆಕ್ಷನ್‌ನಲ್ಲಿ ಗೆದ್ದೋಳು. ಕೋಲಾರ ಜಿಲ್ಲೆ, ಮುಳಬಾಗಿಲು ಕಡೆ, ಮಹಿಳಾ ಮೀಸಲು ಸೀಟು. ನಾನಾಗಿ ನಿಂತಿದ್ದಲ್ಲ, ನಿಲ್ಸಿದ್ರು, ಸೀಟು ಹೆಂಗಸರಿಗೆ ಬಂತು ಮನೇಲಿ ಓದಿರೋಳು ನಾನೊಬ್ಳೇ ಅಂತ. ಆಗ ನನಗೆ ಪಿಡಿಒ (ಪಂಚಾಯ್ತಿ ಅಭಿವೃದ್ಧಿ ಅಧಿಕಾರಿ) ಅಂದ್ರೆ ಯಾರು ಸೆಕ್ರೆಟ್ರಿ ಅಂದ್ರೆ ಯಾರು ಅನ್ನೋದೂ ಗೊತ್ತಿರ್ಲಿಲ್ಲ. ಟ್ರೈನಿಂಗ್ ಕೊಡ್ತಾರೆ, ಪುಸ್ತಕ ಕೊಡ್ತಾರೆ, ಊಟನೂ ಚೆನ್ನಾಗಿರತ್ತೆ, ಆದ್ರೆ ದಿನಾ ಬೆಳಗಾದ್ರೆ ಏನ್ ಮಾಡ್ಬೇಕು ಅಂತ ಅಲ್ಲಿ ಯಾರೂ ಹೇಳಲ್ಲ. ನಮ್ಮ ನಾದಿನಿ ಊರಲ್ಲಿ ಒಬ್ಳು ಹುಡುಗಿ ನಿಲ್ತೀನಿ ಅಂತಿದ್ದಾಳೆ, ಅವಳಿಗೆ ಹೇಳಿದ್ದನ್ನೇ ಇಲ್ಲಿ ಟೈಪ್ ಮಾಡ್ತಿದೀನಿ, ಉದ್ದ ಆಗತ್ತೆ, ಬೇಜಾರ್ ಮಾಡ್ಕೋಬೇಡಿ.

ಮೊದ್ಲು ನಿಮ್ಮ ಅಳತೆ ತಿಳ್ಕೊಳಿ. 400 ಜನಕ್ಕೊಬ್ರು ಮೆಂಬರ್ ಅನ್ನೋ ಲೆಕ್ಕ, ಅಂದ್ರೆ ಹೆಚ್ಚುಕಮ್ಮಿ ನೂರು ಮನೆ. ಎಂಎಲ್ಎ ಥರ ಭಾಷಣ ಮಾಡೋ ಕೆಲಸ ಅಲ್ಲ ಇದು, ಈ ನೂರು ಮನೇಲಿ ಯಾರ ಮನೆ ನಲ್ಲಿ ಸೋರ್ತಿದೆ, ಯಾರ ಅಜ್ಜಿಗೆ ಪಿಂಚಣಿ ನಿಂತಿದೆ ಅಂತ ಗೊತ್ತಿದ್ರೆ ಸಾಕು. ಪಕ್ಷದ ಚಿಹ್ನೆ ಇಲ್ಲದ ಎಲೆಕ್ಷನ್ ಅಂತ ಹೆಸರಿಗೆ, ಯಾರು ಯಾರ ಕಡೆ ಅಂತ ಊರಿಗೆಲ್ಲ ಗೊತ್ತಿರತ್ತೆ. ಹಂಗಾಗಿ ಓಟ್ ಹಾಕದೆ ಇದ್ದೋರ ಬೀದಿ ಕೆಲಸ ಮೊದಲ ತಿಂಗಳಲ್ಲೇ ಒಂದು ಮಾಡ್ಸಿಬಿಡಿ, ಒಂದು ಬೀದಿ ದೀಪ ಆದ್ರೂ ಸರಿ, ಐದು ವರ್ಷ ಅರ್ಧ ತಲೆನೋವು ಅಲ್ಲೇ ಕಮ್ಮಿ ಆಗತ್ತೆ.

ನಮ್ಮ ಕಡೆ ಜನರನ್ನ ನೋಡ್ಬೇಕು ಅಂದ್ರೆ ಡೈರಿ ಹತ್ರ ಹೋಗಿ. ಬೆಳಿಗ್ಗೆ ಸಂಜೆ ಎಲ್ರೂ ಹಾಲು ತಗೊಂಡು ಅಲ್ಲಿಗೇ ಬರ್ತಾರೆ. ನಾನೂ ಕ್ಯಾನ್ ಹಿಡ್ಕೊಂಡು ಲೈನಲ್ಲಿ ನಿಲ್ತಿದ್ದೆ, ಆ ಇಪ್ಪತ್ತು ನಿಮಿಷದಲ್ಲಿ ಬರೋ ಅಷ್ಟು ದೂರು ಪಂಚಾಯ್ತಿ ಆಫೀಸಲ್ಲಿ ವಾರ ಕೂತ್ರೂ ಬರಲ್ಲ. ಬ್ಲೌಸ್‌ನಲ್ಲಿಟ್ಟುಕೊಳ್ಳೋವಂಥ ಒಂದು ಚಿಕ್ಕ ನೋಟ್‌ಬುಕ್ ಇಟ್ಕೊಳಿ, ಗಂಡಸರಾದ್ರೆ ಜೇಬಲ್ಲಿ. ತಾರೀಕು, ಯಾರು, ಏನು, ಅಷ್ಟೇ ಬರ್ಕೊಳಿ. "ಆಯ್ತಣ್ಣಾ ನೋಡ್ತೀನಿ" ಅಂತ ತಲೆ ಅಲ್ಲಾಡಿಸಿ ಮರೆತುಬಿಟ್ರೆ ಮೂರನೇ ಸಲಕ್ಕೆ ಆ ಮನುಷ್ಯ ನಿಮ್ಮ ಮುಖ ನೋಡಲ್ಲ, ಎದುರಿಗೇ ಬರ್ಕೊಂಡ್ರೆ ಕೆಲಸ ತಡ ಆದ್ರೂ ಸುಮ್ನಿರ್ತಾನೆ.

ನೀರು

ಕೆಲಸದಲ್ಲಿ ಅರ್ಧ ಭಾಗ ಇದೇ. ಕೋಲಾರದಲ್ಲಿ ವರ್ಷಪೂರ್ತಿ ಹರಿಯೋ ನದಿ ಒಂದೂ ಇಲ್ಲ, ಎಲ್ಲ ಬೋರ್‌ವೆಲ್ಲೇ, ಸಾವಿರ ಅಡಿ ದಾಟಿ ಕೊರೆಸಿರೋ ಬೋರುಗಳು. ಮನೆಮನೆಗೆ ನಲ್ಲಿ ಜಲಜೀವನ್ ಯೋಜನೇಲಿ ಬಂತು, ಒಬ್ರಿಗೆ ದಿನಕ್ಕೆ 55 ಲೀಟರ್ ಅನ್ನೋದು ಅದರ ಲೆಕ್ಕ, ನಲ್ಲಿ ಹಾಕಿದ ಮಾತ್ರಕ್ಕೆ ಬೋರಲ್ಲಿ ನೀರು ಹುಟ್ಟತ್ತಾ?

ನೀರು ಬಂದಿಲ್ಲ ಅಂತ ಫೋನ್ ಬಂದ್ರೆ ಗಾಬರಿಯಾಗಿ ಪಿಡಿಒಗೆ ಫೋನ್ ಮಾಡ್ಬೇಡಿ. ಮೊದ್ಲು ಆ ಮನೆಯವ್ರಿಗೇ ಮೂರು ಪ್ರಶ್ನೆ ಕೇಳಿ: ನಿಮ್ಮೊಬ್ರ ಮನೆಗಾ ಇಡೀ ಬೀದಿಗಾ, ಕಡೇ ಸಲ ಯಾವತ್ತು ಬಂತು, ಬಂದಾಗ ಸಣ್ಣಗೆ ಬಂತಾ ಇಲ್ಲ ಪೂರ್ತಿ ನಿಂತೋಯ್ತಾ. ಒಬ್ರ ಮನೆಗೆ ಮಾತ್ರ ಇಲ್ಲ ಅಂದ್ರೆ ಪೈಪ್ ಕಟ್ಟಿದೆ ಇಲ್ಲ ಮುರಿದಿದೆ. ಬೀದಿಯ ಕೊನೇ ನಾಲ್ಕು ಮನೆಗೆ ಮಾತ್ರ ಇಲ್ಲ ಅಂದ್ರೆ ಮೇಲುಗಡೆ ಯಾರೋ ಲೈನಿಗೆ ಮೋಟ್ರು ಹಾಕಿ ಎಳೀತಿದ್ದಾರೆ, ಇದು ನೂರಕ್ಕೆ ತೊಂಬತ್ತು ನಿಜ. ಇಡೀ ಊರಿಗೇ ಇಲ್ಲ ಅಂದ್ರೆ ನೀರಗಂಟಿ ಅಣ್ಣನಿಗೆ, ಅಂದ್ರೆ ಊರಿಗೆ ನೀರು ಬಿಡೋನಿಗೆ, ಫೋನ್ ಮಾಡಿ ಕೇಳಿ, ತ್ರೀ ಫೇಸ್ ಕರೆಂಟ್ ಇತ್ತಾ, ಸ್ಟಾರ್ಟರ್ ಎತ್ಕೋತಾ, ಮೋಟ್ರು ಸೌಂಡ್ ಮಾಡ್ತಿದ್ಯಾ, ನೀರು ಬಿಟ್ಟು ಬಿಟ್ಟು ಬರ್ತಿದ್ಯಾ. ಕರೆಂಟ್ ಇಲ್ಲ ಅಂದ್ರೆ ಬೆಸ್ಕಾಂ ಲೈನ್‌ಮ್ಯಾನು, ಸ್ಟಾರ್ಟರ್ ಟ್ರಿಪ್ ಅಂದ್ರೆ ಪ್ಯಾನಲ್ ಬೋರ್ಡು ಇಲ್ಲ ಕೇಬಲ್ಲು, ಮೋಟ್ರು ಓಡ್ತಿದ್ದು ಗಾಳಿ ಬರ್ತಿದೆ ಅಂದ್ರೆ ಬೋರೇ ಬತ್ತುತಿದೆ, ಅದು ಬೇರೆ ಕಥೆ. ಇಷ್ಟು ಕೇಳ್ಕೊಂಡು ಆಮೇಲೆ ಪಿಡಿಒಗೆ ಫೋನ್ ಮಾಡಿದ್ರೆ ಅವ್ರೂ ಮರ್ಯಾದೆಯಾಗಿ ಕೇಳ್ತಾರೆ, ಬರೀ "ಸಾರ್ ನೀರಿಲ್ಲ ಸಾರ್" ಅಂದ್ರೆ "ನೋಡ್ತೀವಮ್ಮ" ಅಷ್ಟೇ.

ಲೈನಿಗೆ ಮೋಟ್ರು ಹಾಕೋರ ವಿಷಯ. ನೀರು ಬಿಡೋ ಟೈಮಲ್ಲೇ ಹೋಗ್ಬೇಕು, ಸುಮ್ನೆ ನಡ್ಕೊಂಡು, ಸೌಂಡ್ ಕೇಳ್ಸತ್ತೆ. ಬೀದೀಲಿ ನಿಂತು ಕೂಗಾಡ್ಬೇಡಿ, ಒಳಗೆ ಹೋಗಿ ಆ ಮನೆ ಹೆಂಗಸಿನ ಹತ್ರ ಮಾತಾಡಿ. ಎರಡನೇ ಸಲಕ್ಕೆ ಪಂಚಾಯ್ತಿಯಿಂದ ನೋಟಿಸು, ಮೂರನೇ ಸಲಕ್ಕೆ ಕನೆಕ್ಷನ್ ಕಟ್ಟು, ಅದನ್ನ ನೀವು ಮಾಡ್ಬೇಡಿ, ಪಂಚಾಯ್ತಿ ಮಾಡ್ಲಿ. ನನ್ನ ವಾರ್ಡಲ್ಲಿ ಮೊದ್ಲು ಸಿಕ್ಕಿಬಿದ್ದಿದ್ದೇ ನಮ್ಮ ದೊಡ್ಡಪ್ಪನ ಮನೆ, ಆಮೇಲೆ ಎರಡು ವರ್ಷ ಅವ್ರು ನಮ್ಮನೆ ಹಬ್ಬಕ್ಕೆ ಬರ್ಲಿಲ್ಲ.

ಮೋಟ್ರು ಸುಟ್ಟೋದ್ರೆ ಮಾತ್ರ ಹುಷಾರಾಗಿರಿ, ನಾನು ತಪ್ಪು ಮಾಡಿದ್ದು ಇಲ್ಲೇ. ಏಪ್ರಿಲ್ ತಿಂಗಳು, ಊರಲ್ಲಿ ಮದುವೆ, ಮೋಟ್ರು ಸುಟ್ಟೋಯ್ತು, ಬಿಲ್ಲು ಆಮೇಲೆ ಮಾಡ್ಕೊಡ್ತೀವಿ ನೀವು ಮಾಡ್ಸಿಬಿಡಿ ಅಂತ ಪಂಚಾಯ್ತಿ ಆಫೀಸಿನವ್ರು ಅಂದ್ರು. ರೇಷ್ಮೆ ಗೂಡು ಮಾರಿ ಬಂದಿದ್ದ ದುಡ್ಡು ಮನೇಲಿತ್ತು, ಬೋರಿಂದ ಮೋಟ್ರು ಎತ್ತೋ ಗಾಡಿಗೆ, ರೀವೈಂಡಿಂಗಿಗೆ, ಕೇಬಲ್ಲಿಗೆ ಎಲ್ಲ ಕೊಟ್ಟೆ. ಆಮೇಲೆ ಬಿಲ್ ಕೊಟ್ರೆ ಎಸ್ಟಿಮೇಟ್ ಇಲ್ಲ, ಸಭೇಲಿ ಪಾಸ್ ಆಗಿಲ್ಲ ಅಂತ ವಾಪಸ್ ಬಂತು, ಅಷ್ಟರಲ್ಲಿ ಹೇಳಿದ ಮನುಷ್ಯನಿಗೆ ಟ್ರಾನ್ಸ್‌ಫರ್. ಆ ದುಡ್ಡು ಇವತ್ತಿಗೂ ಬಂದಿಲ್ಲ, ನಮ್ಮ ಯಜಮಾನ್ರು ಜಗಳ ಆದಾಗೆಲ್ಲ ಅದನ್ನೇ ಎತ್ತುತಾರೆ. ಹಂಗಾಗಿ ಬೇಸಿಗೆ ಬರೋಕೆ ಮುಂಚೆ, ಜನವರಿ ಸಭೇಲೇ, ಕುಡಿಯೋ ನೀರಿನ ತುರ್ತು ರಿಪೇರಿಗೆ ಇಷ್ಟು ದುಡ್ಡು, ಇಂಥ ವರ್ಕ್‌ಶಾಪು, ಇಂಥ ರೇಟು ಅಂತ ಠರಾವು ಮಾಡ್ಸಿಡಿ. ಸುಟ್ಟ ದಿನ ಪಿಡಿಒಗೆ ವಾಟ್ಸಾಪ್‌ನಲ್ಲಿ ಫೋಟೋ ಸಮೇತ ಬರೆದು ಹಾಕಿ, ಅವ್ರಿಂದ ಹೂಂ ಅಂತ ಬರಹದಲ್ಲಿ ತರ್ಸ್ಕೊಳಿ, ಆಮೇಲೇ ಎತ್ತೋ ಗಾಡಿ ಕರೀರಿ. ಹಳೇ ಕೇಬಲ್ಲು, ಸುಟ್ಟ ವೈಂಡಿಂಗ್ ತಾಮ್ರ ಎಲ್ಲ ಲೆಕ್ಕ ಮಾಡಿ ಪಂಚಾಯ್ತಿಗೆ ಒಪ್ಪಿಸಿ ಸ್ಟಾಕ್ ಬುಕ್ಕಲ್ಲಿ ಬರ್ಸಿ, ಇಲ್ಲಾಂದ್ರೆ "ಮೆಂಬರ್ರು ತಾಮ್ರ ಮಾರ್ಕೊಂಡ್ರು" ಅಂತ ಕಟ್ಟೆ ಮೇಲೆ ಸುದ್ದಿ ಹಬ್ಬತ್ತೆ.

ಇನ್ನೊಂದು, ಯಾವ ಬೋರಿನ ಮೋಟ್ರು ಯಾವತ್ತು ಸುಟ್ಟಿತು ಅಂತ ಅದೇ ನೋಟ್‌ಬುಕ್ಕಿನ ಹಿಂದಗಡೆ ಬರ್ಕೊಳಿ. ನಮ್ಮಲ್ಲಿ ಒಂದೇ ಬೋರು ವರ್ಷಕ್ಕೆ ಮೂರು ಸಲ ಸುಟ್ಟಿತ್ತು, ಎಲ್ರೂ ವೈಂಡಿಂಗ್ ಸರಿಯಿಲ್ಲ ಅಂತಿದ್ರು, ತಾರೀಕು ನೋಡಿದ್ರೆ ಮೂರೂ ಸಲ ಟೊಮೇಟೊ ತೋಟಗಳಿಗೆ ನೀರು ಜೋರಾಗಿ ಕಟ್ಟೋ ತಿಂಗಳೇ, ಅಂದ್ರೆ ವೋಲ್ಟೇಜ್ ಬೀಳ್ತಿತ್ತು. ಟ್ರಾನ್ಸ್‌ಫಾರ್ಮರ್ ಲೋಡ್ ಬಗ್ಗೆ ಅರ್ಜಿ ಕೊಟ್ಟು ಹಿಂದೆ ಬಿದ್ದ ಮೇಲೆ ಸರಿಹೋಯ್ತು.

ಫ್ಲೋರೈಡ್ ಮರೀಬೇಡಿ. ಲೀಟರಿಗೆ 1.5 ಮಿಲಿಗ್ರಾಂ ದಾಟಬಾರದು ಅಂತಿದೆ, ಬೋರು ಆಳಕ್ಕೆ ಹೋದಷ್ಟೂ ನಮ್ಮಲ್ಲಿ ಈ ಕಾಟ. ಮಳೆಗಾಲಕ್ಕೆ ಮುಂಚೆ ಒಂದ್ಸಲ, ಆದ್ಮೇಲೆ ಒಂದ್ಸಲ ಎಲ್ಲ ಬೋರಿನ ನೀರೂ ಟೆಸ್ಟ್‌ಗೆ ಕಳ್ಸಿ, ರಿಪೋರ್ಟ್ ಕಾಪಿ ಕೇಳಿ ತಗೊಳಿ. ಕುಡಿಯೋಕೆ ಆರ್‌ಒ ಘಟಕದ ನೀರು, ಐದು ರೂಪಾಯಿ ಕಾಯಿನ್ ಹಾಕೋದು, ಅದು ಕೆಟ್ಟು ನಿಂತ್ರೆ ಎಷ್ಟು ದಿನದಿಂದ ನಿಂತಿದೆ, ಫಿಲ್ಟರ್ ಯಾವಾಗ ಬದಲಾಯ್ಸಿದ್ರು ಅಂತ ಸಭೇಲಿ ಕೇಳಿ. ಕೆಸಿ ವ್ಯಾಲಿ ನೀರು 2018ರಿಂದ ನಮ್ಮ ಜಿಲ್ಲೆ ಕೆರೆಗಳಿಗೆ ಬರ್ತಿದೆ, ಚಿಕ್ಕಬಳ್ಳಾಪುರದ ಕಡೆಗೆ ಎಚ್‌ಎನ್ ವ್ಯಾಲಿ, ಎರಡೂ ಬೆಂಗಳೂರಿನ ಕೊಳಚೆ ಶುದ್ಧ ಮಾಡಿ ಬಿಡೋ ನೀರು, ಅಂತರ್ಜಲ ಏರ್ಲಿ ಅಂತ ಕೆರೆಗೆ ಬಿಡೋದು, ಕೆರೆಯಿಂದ ನೇರವಾಗಿ ಕುಡಿಯೋಕಲ್ಲ. ಬತ್ತಿದ ಬೋರಲ್ಲಿ ನೀರು ಬಂತು ಅಂತ ಜನ ಖುಷಿ ಪಟ್ರು, ನಾನೂ ಪಟ್ಟೆ, ಆದ್ರೂ ಟೆಸ್ಟ್ ಮಾಡಿಸದೆ ಊರಿನ ಟ್ಯಾಂಕಿಗೆ ಕನೆಕ್ಷನ್ ಕೊಡೋಕೆ ಬಿಡ್ಬೇಡಿ.

ಇದು ನಮ್ದಲ್ಲ, ಆದ್ರೂ ನಮ್ಮನ್ನೇ ಕೇಳ್ತಾರೆ

ದಿನಕ್ಕೆ ಹತ್ತು ಜನ ಬಂದ್ರೆ ಆರು ಜನದ್ದು ಪಂಚಾಯ್ತಿ ಕೆಲಸವೇ ಅಲ್ಲ. ಪಿಂಚಣಿ ನಾಡಕಚೇರಿದು, ಪಹಣಿ ಸರ್ವೆ ರೆವಿನ್ಯೂದು, ರೇಷನ್ ಕಾರ್ಡು ಆಹಾರ ಇಲಾಖೆದು, ಗೃಹಲಕ್ಷ್ಮಿ ದುಡ್ಡು ಬಂದಿಲ್ಲ ಅಂದ್ರೆ ಅಂಗನವಾಡಿ ನೋಡ್ಕೊಳೋ ಸಿಡಿಪಿಒ ಆಫೀಸು, ಕರೆಂಟು ಬೆಸ್ಕಾಂ. ನಮ್ದು ಯಾವ್ದು ಅಂದ್ರೆ ನೀರು, ಬೀದಿ ದೀಪ, ಚರಂಡಿ, ಕಸ, ಮನೆ ಕಂದಾಯ, ಇ-ಸ್ವತ್ತು (ಮನೆ ಸೈಟುಗಳ ಕಂಪ್ಯೂಟರ್ ಖಾತೆ), ಸರ್ಕಾರಿ ಮನೆ ಫಲಾನುಭವಿ ಪಟ್ಟಿ, ಉದ್ಯೋಗ ಖಾತ್ರಿ, ಲೈಬ್ರರಿ, ಅಂಗಡಿ ಲೈಸೆನ್ಸು.

"ನಮ್ದಲ್ಲ ಹೋಗಿ" ಅಂತ ಕಳ್ಸಿದ್ರೆ ಮುಗೀತು ನಿಮ್ಮ ಕಥೆ. 65 ದಾಟಿದ ಅಜ್ಜಿಗೆ ಸಂಧ್ಯಾ ಸುರಕ್ಷಾದಲ್ಲಿ ತಿಂಗಳಿಗೆ 1200 ಬರತ್ತೆ, ನಿಂತೋಗಿದೆ ಅಂತ ಬಂದ್ರೆ ನಾನೇನ್ ಮಾಡ್ತಿದ್ದೆ ಅಂದ್ರೆ ಮೊದ್ಲು ಪಾಸ್‌ಬುಕ್ ನೋಡೋದು, ಬ್ಯಾಂಕ್ ಖಾತೆಗೆ ಆಧಾರ್ ಲಿಂಕ್ ಇದ್ಯಾ ಇಲ್ವಾ ಅಂತ ಬ್ಯಾಂಕಲ್ಲಿ ಕೇಳೋದು, ಅರ್ಧ ಕೇಸು ಅಲ್ಲೇ ಮುಗಿಯತ್ತೆ. ಇಲ್ಲಾಂದ್ರೆ ಅರ್ಜಿ ಬರ್ಕೊಟ್ಟು, ಎರಡು ಕಾಪಿ ಮಾಡಿಸಿ, ಒಂದಕ್ಕೆ ಸೀಲು ತಾರೀಕು ಹಾಕ್ಸ್ಕೊಂಡು ಬಾಮ್ಮಾ ಅಂತ ಮೊಮ್ಮಗನ ಜೊತೆ ಕಳ್ಸೋದು. ಆ ಸೀಲಿರೋ ಕಾಪಿ ಇದ್ರೆ ಮುಂದಿನ ಸಲ ಮಾತಾಡೋಕೆ ಹಿಡಿ ಸಿಗತ್ತೆ, ಬಾಯಲ್ಲಿ ಹೇಳಿ ಬಂದಿದ್ದಕ್ಕೆ ಯಾವ ಆಫೀಸಲ್ಲೂ ತಲೆಬುಡ ಇರಲ್ಲ. ನೀವೇ ಎಲ್ರ ಫೈಲೂ ಬ್ಯಾಗಲ್ಲಿಟ್ಕೊಂಡು ಓಡಾಡ್ಬೇಡಿ, ಮೆಂಬರ್ರು ಬ್ರೋಕರ್ ಆಗೋದು ಅಲ್ಲಿಂದಲೇ, ಮೊದ್ಲು ಪೆಟ್ರೋಲ್ ದುಡ್ಡು, ಆಮೇಲೆ ಊಟದ ದುಡ್ಡು, ಆಮೇಲೆ ರೇಟೇ ಫಿಕ್ಸು.

ಇ-ಸ್ವತ್ತಿನಲ್ಲಂತೂ ಮಾತು ಕೊಡ್ಲೇಬೇಡಿ. ಗ್ರಾಮಠಾಣದ (ಊರಿನ ಮನೆಗಳಿಗೆ ಅಂತ ಇರೋ ಜಾಗ) ಒಳಗಿರೋ ಮನೆ, ಇಲ್ಲ ಹೊಲದಿಂದ ಕನ್ವರ್ಷನ್ ಆಗಿ ಪ್ಲಾನ್ ಅಪ್ರೂವ್ ಆಗಿರೋ ಸೈಟು ಅಂದ್ರೆ ಫಾರಂ 9 ಮತ್ತು 11ಎ, ಹಂಗಿಲ್ಲದೆ ಇರೋದಕ್ಕೆ 11ಬಿ. ಜನಕ್ಕೆ ಇದರ ವ್ಯತ್ಯಾಸ ಗೊತ್ತಿಲ್ಲ, ಸೈಟ್ ಮಾರೋನು "ಖಾತೆ ಐತೆ" ಅಂತಾನೆ, ಯಾವ ಫಾರಂ ಅಂತ ಹೇಳಲ್ಲ. ದುಡ್ಡು ಕೊಡೋಕೆ ಮುಂಚೆ ಒಂದ್ಸಲ ನನಗೆ ಪೇಪರ್ ತೋರ್ಸಿ ಅಂತ ವಾರ್ಡಲ್ಲಿ ಹೇಳಿಟ್ಟಿರಿ.

ಸಭೆ

ತಿಂಗಳ ಸಭೇಲಿ ನೀವು ಏನು ಬರ್ಸ್ತೀರೋ ಅದೇ ನಿಮ್ಮ ಕೆಲಸ, ಉಳಿದಿದ್ದೆಲ್ಲ ಓಡಾಟ. ನನ್ನ ಮೊದಲ ಸಭೇಲಿ "ಅಕ್ಕಾ ಸಹಿ ಹಾಕಿ ಟೀ ಕುಡ್ದು ಹೋಗಿ, ಅಣ್ಣನ ಹತ್ರ ಮಾತಾಡಿದೀವಿ" ಅಂದ್ರು. ಅಣ್ಣ ಅಂದ್ರೆ ನಮ್ಮ ಯಜಮಾನ್ರು, ಆಚೆ ಬೈಕ್ ಮೇಲೆ ಕೂತಿದ್ರು. ಪುಸ್ತಕ ತೆಗೆದು ನೋಡಿದ್ರೆ ಕೆಳಗಡೆ ಅರ್ಧ ಪೇಜು ಖಾಲಿ. ಓದ್ಬೇಕು ಅಂದೆ, ನಕ್ರು, ಓದೋವರೆಗೂ ಕೂತೆ, ಒಂದೂವರೆ ಗಂಟೆ. ಎರಡನೇ ತಿಂಗಳಿಂದ ಯಾರೂ ನಗ್ಲಿಲ್ಲ. ಹೆಂಗಸರು ಗೆದ್ದಿರೋ ಕಡೆ ಗಂಡಂದಿರು ಕುರ್ಚಿ ಹಾಕ್ಕೊಂಡು ಕೂರೋದು ಇನ್ನೂ ನಡೀತಿದೆ, ನಿಯಮದಲ್ಲಿ ಅದಕ್ಕೆ ಜಾಗ ಇಲ್ಲ, ನಿಮ್ಮ ಮನೆಯವ್ರಿಗೆ ಮನೇಲೇ ಹೇಳ್ಬಿಡಿ, ಸಭೇಲಿ ಹೇಳಿದ್ರೆ ಅವ್ರಿಗೂ ಅವಮಾನ.

ಇದಿಷ್ಟು ಮಾಡಿ. ನೋಟಿಸ್ ಬಂದ ದಿನವೇ ಅಜೆಂಡಾ ಓದಿ. ನಿಮ್ಮ ವಾರ್ಡಿನ ವಿಷಯ ಇಲ್ಲಾಂದ್ರೆ ಪಿಡಿಒಗೆ ಒಂದು ಪತ್ರ ಮೊದ್ಲೇ ಕೊಟ್ಟು ಸೇರ್ಸಿ, ಸಭೇಲಿ ಎದ್ದು ನಿಂತು ಕೂಗಿದ್ರೆ "ಮುಂದಿನ ಸಭೇಲಿ ನೋಡೋಣ" ಅಂತಾರೆ. ಹಿಂದಿನ ಸಭೆ ನಡವಳಿ ಜೋರಾಗಿ ಓದ್ಸಿ. ಹಿಂದಿನ ತಿಂಗಳ ಜಮಾ ಖರ್ಚು ಕೇಳಿ, ಕೋಪದಲ್ಲಿ ಕೇಳ್ಬೇಡಿ, ಪ್ರತೀ ತಿಂಗಳು ಒಂದೇ ದನೀಲಿ ಕೇಳಿ. ಮತ್ತೆ ಅಜೆಂಡಾದ ಕೊನೇಲಿ "ಅಧ್ಯಕ್ಷರ ಅಪ್ಪಣೆ ಮೇರೆಗೆ ಇತರೆ ವಿಷಯಗಳು" ಅಂತ ಒಂದು ಸಾಲು ಇರತ್ತೆ ನೋಡಿ, ಊಟದ ಟೈಮು ಆಗಿರತ್ತೆ, ಎಲ್ರೂ ಎದ್ದಿರ್ತಾರೆ, ನುಗ್ಗಿಸೋದೆಲ್ಲ ಅಲ್ಲೇ ನುಗ್ಗಿಸ್ತಾರೆ. ಆ ಸಾಲು ಮುಗಿಯೋವರೆಗೂ ಕುರ್ಚಿ ಬಿಡ್ಬೇಡಿ. ಒಪ್ಪಿಗೆ ಇಲ್ಲಾಂದ್ರೆ "ನನ್ನ ವಿರೋಧ ಇದೆ, ಬರ್ಕೊಳಿ" ಅನ್ನಿ, ಬರೆದ ಮೇಲೇ ಸಹಿ. ನಿಮ್ಮ ಸಹಿ ಆದ್ಮೇಲೆ ಖಾಲಿ ಜಾಗ ಉಳಿದಿದ್ರೆ ಅಡ್ಡ ಗೆರೆ ಎಳೀರಿ. ಕಟ್ಟೆ ಮೇಲೆ ನಾವೆಲ್ಲ ತೆಲುಗಲ್ಲೇ ಮಾತಾಡೋದು, ಪುಸ್ತಕದಲ್ಲಿ ಕನ್ನಡ, ಅದೂ ಕಚೇರಿ ಕನ್ನಡ, ಅರ್ಥ ಆಗ್ಲಿಲ್ಲ ಅಂದ್ರೆ ಕೇಳೋಕೆ ನಾಚಿಕೆ ಬೇಡ.

ದುಡ್ಡಿನ ವಿಷಯ ಸ್ವಲ್ಪ. ಜನ ಬಂದು "ಸಿಸಿ ರೋಡ್ ಹಾಕ್ಸಕ್ಕ" ಅಂತಾರೆ. 15ನೇ ಹಣಕಾಸು ಆಯೋಗದ ದುಡ್ಡು 2021ರಿಂದ ಬಂದಿದ್ದು ಹೆಂಗೆ ಅಂದ್ರೆ ನೂರಕ್ಕೆ 60 ಕಟ್ಟಿಹಾಕಿರೋ ದುಡ್ಡು, 30 ಕುಡಿಯೋ ನೀರಿಗೆ, 30 ನೈರ್ಮಲ್ಯಕ್ಕೆ, ಉಳಿದ 40ರಲ್ಲಿ ಮಾತ್ರ ನಮ್ಮಿಷ್ಟದ ಕೆಲಸ, ಅದರಲ್ಲೂ ಸಂಬಳ ಕೊಡೋ ಹಾಗಿಲ್ಲ. ಆ 40ನ್ನ ಎಲ್ಲ ವಾರ್ಡಿಗೆ ಹಂಚಿದ್ರೆ ನಿಮ್ಮ ಪಾಲಿಗೆ ಎಷ್ಟು ಅಡಿ ರೋಡ್ ಬರತ್ತೆ ಅಂತ ಇಂಜಿನಿಯರ್ ಹತ್ರ ಕೇಳ್ಕೊಂಡು ಜನಕ್ಕೆ ಅದನ್ನೇ ಹೇಳಿ, ನಾನು ಹೇಳಿದೆ, ಬೈದ್ರು, ಆದ್ರೆ ಸುಳ್ಳುಗಾತಿ ಅನ್ಲಿಲ್ಲ. ಆಯೋಗ ಬದಲಾದ್ರೆ ಲೆಕ್ಕ ಬದಲಾಗತ್ತೆ, ನೀವು ಬಂದಾಗಿನ ಆದೇಶ ಕೇಳಿ ನೋಡ್ಕೊಳಿ. ಉಳಿದಿದ್ದು ಪಂಚಾಯ್ತಿ ಸ್ವಂತ ದುಡ್ಡು, ಅಂದ್ರೆ ಕಂದಾಯ, ಅದು ಕಟ್ಟೋಕೆ ಜನ ರೆಡಿ ಇಲ್ಲ, ಮೊದ್ಲು ನೀರು ಬಿಡಿ ಅಂತಾರೆ. ನಿಮ್ಮ ಮನೆ ಕಂದಾಯ ಏಪ್ರಿಲ್‌ನಲ್ಲೇ ಕಟ್ಟಿ ರಶೀದಿ ಫೋನಲ್ಲಿ ಇಟ್ಕೊಳಿ, ಯಾರಾದ್ರೂ ಕೇಳೇ ಕೇಳ್ತಾರೆ. ನೀವಾಗ್ಲಿ ಮನೆಯವ್ರಾಗ್ಲಿ ಪಂಚಾಯ್ತಿ ಕಾಮಗಾರಿ ಗುತ್ತಿಗೆ ತಗೋಬೇಡಿ, ಬೇರೆ ಹೆಸರಲ್ಲೂ ಬೇಡ, ಸೀಟೇ ಹೋಗತ್ತೆ.

ಕಾಮಗಾರಿ ನೋಡೋಕೆ ಇಂಜಿನಿಯರಿಂಗ್ ಓದಿರ್ಬೇಕಾಗಿಲ್ಲ. ಚರಂಡಿ ಮುಗೀತು ಅಂತ ಹೇಳಿದ ದಿನ ಎರಡು ಬಿಂದಿಗೆ ನೀರು ತಗೊಂಡೋಗಿ ಮೇಲಿನ ತುದೀಲಿ ಸುರೀರಿ. ಕೆಳಗೆ ಹೋದ್ರೆ ಸರಿ, ಮಧ್ಯದಲ್ಲಿ ನಿಂತ್ರೆ ಸ್ಲೋಪ್ ಇಲ್ಲ, ಬಿಲ್ಲಿಗೆ ಮುಂಚೆ ಹೇಳಿ. ಬಿಲ್ ಆದ್ಮೇಲೆ ಗುತ್ತಿಗೆದಾರ ಫೋನೇ ಎತ್ತಲ್ಲ. ನಾನು ಬಿಂದಿಗೆ ಹಿಡ್ಕೊಂಡು ನಿಂತಿದ್ದು ನೋಡಿ ಹುಡುಗರು ವಿಡಿಯೋ ಮಾಡಿ ಸ್ಟೇಟಸ್ ಹಾಕಿದ್ರು, ಆಮೇಲೆ ಪಕ್ಕದ ವಾರ್ಡಿನ ಮೆಂಬರ್ ಅಣ್ಣನೂ ಅದೇ ಮಾಡೋಕೆ ಶುರು ಮಾಡಿದ.

ನರೇಗಾ, ಅಂದ್ರೆ ಉದ್ಯೋಗ ಖಾತ್ರೀಲಿ ನಾವಿದ್ದಾಗ ವರ್ಷಕ್ಕೆ 100 ದಿನ ಕೆಲಸ, 2025-26ರಲ್ಲಿ ಕೂಲಿ 370 ರೂಪಾಯಿ, ಬದು, ಕೃಷಿ ಹೊಂಡ, ದನದ ಕೊಟ್ಟಿಗೆ, ಹಿಪ್ಪುನೇರಳೆ ನಾಟಿ ಇವೇ ನಮ್ಮಲ್ಲಿ ಜಾಸ್ತಿ ನಡೆದಿದ್ದು. 2025ರ ಕೊನೇಲಿ ಸೆಂಟ್ರಲ್‌ನವ್ರು ಅದರ ಬದಲು 125 ದಿನದ ಹೊಸ ಕಾನೂನು ತಂದಿದ್ದಾರೆ. ಹೆಸರು ಏನಾದ್ರೂ ಇರ್ಲಿ, ಕೆಲಸ ಬೇಕು ಅನ್ನೋರಿಂದ ಬರಹದಲ್ಲಿ ಅರ್ಜಿ ಕೊಡ್ಸಿ ತಾರೀಕು ಹಾಕಿರೋ ರಶೀದಿ ಕೊಡ್ಸೋ ಅಭ್ಯಾಸ ಬಿಡ್ಬೇಡಿ.

ಮನೆ ಪಟ್ಟಿ ವಿಷಯಕ್ಕೇ ಜಾಸ್ತಿ ಬೈಗುಳ ಬರೋದು. ಆಯ್ಕೆ ಗ್ರಾಮ ಸಭೇಲಿ ಆಗ್ಬೇಕು, ನಿಮ್ಮ ಮನೆ ಜಗಲಿ ಮೇಲಲ್ಲ. ಪಟ್ಟಿ ಆದ ದಿನವೇ ಅಂಟಿಸಿ, ಫೋಟೋ ವಾರ್ಡ್ ಗ್ರೂಪಿಗೆ ಹಾಕಿ. ಹೆಸರು ಬಂದವ್ರಿಗೆ ಒಂದೇ ಮಾತು ಹೇಳಿ, ವರ್ಕ್ ಆರ್ಡರ್ ಬರೋಕೆ ಮುಂಚೆ ಪಾಯ ತೆಗೀಬೇಡಿ, ಪಾಯ, ಲಿಂಟಲ್, ಮೇಲ್ಛಾವಣಿ ಅಂತ ಹಂತಹಂತಕ್ಕೆ ಜಿಪಿಎಸ್ ಫೋಟೋ ತೆಗೆದು ದುಡ್ಡು ಬಿಡೋದು. ಮುಹೂರ್ತ ಚೆನ್ನಾಗಿದೆ ಅಂತ ಮೊದ್ಲೇ ಕಟ್ಟಿಬಿಟ್ಟು ಆಮೇಲೆ ಅಳ್ತಾ ಬಂದೋರನ್ನ ನೋಡಿದೀನಿ.

ವಾರ್ಡ್ ಸಭೆ, ಗ್ರಾಮ ಸಭೆ ಎರಡೂ ಆರು ತಿಂಗಳಿಗೊಮ್ಮೆ ಆಗ್ಲೇಬೇಕು. ಜನ ಬರಲ್ಲ ಅಂತ ಗೊಣಗ್ಬೇಡಿ, ಟೈಮ್ ನೋಡಿ ಇಡಿ. ಹಾಲಿನ ಟೈಮ್ ಬೇಡ, ರಾಗಿ ಕುಯ್ಲಿನ ವಾರ ಬೇಡ, ಹುಳ ಹಣ್ಣಾಗೋ ದಿನ ರೇಷ್ಮೆ ಮನೆಯೋರು ದೇವ್ರು ಬಂದ್ರೂ ಏಳಲ್ಲ. ಬೆಳಿಗ್ಗೆ ಹನ್ನೊಂದಕ್ಕೆ ಇಟ್ಟು ಹೆಂಗಸರ ವಿಷಯ ಮೊದ್ಲು ತಗೊಳಿ, ಶಾಲೆ ಊಟದ ಬೆಲ್ಲಿನ ಹೊತ್ತಿಗೆ ಅವ್ರು ಎದ್ದು ಹೋಗ್ತಾರೆ, ಆಮೇಲೆ ಉಳಿಯೋದು ಅದೇ ಎಂಟು ಜನ ಗಂಡಸರು, ಅವ್ರ ವಿಷಯ ಯಾವಾಗ ಬೇಕಾದ್ರೂ ಕೇಳಬಹುದು.

ಜಗಳ ಬರತ್ತೆ ಮನೆ ಬಾಗಿಲಿಗೆ, ರಾತ್ರಿ ಹೊತ್ತೇ ಬರತ್ತೆ. ಬಚ್ಚಲ ನೀರು, ತಿಪ್ಪೆ ಜಾಗ, ಓಣಿ ಒತ್ತುವರಿ. ರಾತ್ರಿ ತೀರ್ಮಾನ ಮಾಡ್ಬೇಡಿ, ಕುಡಿದಿರ್ತಾರೆ, ಬೆಳಿಗ್ಗೆ ಬರ್ತೀನಿ ಅಂತ ಕಳ್ಸಿ, ಬೆಳಿಗ್ಗೆ ಟೇಪ್ ತಗೊಂಡು ಹೋಗಿ, ಹೋಗ್ಲೇಬೇಕು. ಜಮೀನಿನ ಗಡಿ ಅಂದ್ರೆ ಸರ್ವೆಯವ್ರು, ಹೊಡೆದಾಟ ಅಂದ್ರೆ ಪೊಲೀಸು, ಗಂಡ ಹೆಂಡತಿ ಅಂದ್ರೆ ಮೊದ್ಲು ಅವಳಿಗೆ ರಾತ್ರಿ ಮಲಗೋಕೆ ಜಾಗ ಇದ್ಯಾ ಕೇಳಿ, ಉಳಿದಿದ್ದು ಆಮೇಲೆ.

ಕೊನೇದು ಗೌರವಧನ. ಮೊದ್ಲು ತಿಂಗಳಿಗೆ 1000 ಇತ್ತು, ಆಮೇಲೆ 2000 ಮಾಡಿದ್ರು, ಅದೂ ತಿಂಗಳು ತಿಂಗಳು ಬರಲ್ಲ, ಸೇರ್ಸಿ ಯಾವಾಗ್ಲೋ ಬರತ್ತೆ. ಖರ್ಚು ಜಾಸ್ತಿ ಆಗೋದು ಪೆಟ್ರೋಲಿಗಲ್ಲ, ಮದುವೆಗೆ. ಮೆಂಬರ್ ಆದ್ರೆ ನೂರು ಮನೆ ಮದುವೆ, ನಾಮಕರಣ, ತಿಥಿ ಎಲ್ಲ ನಿಮ್ದೇ. ನಾನು ಮೊದಲ ವರ್ಷ ಒಬ್ರಿಗೆ ಐನೂರು ಇನ್ನೊಬ್ರಿಗೆ ಇನ್ನೂರು ಮುಯ್ಯಿ ಹಾಕಿ ಸಿಕ್ಕಾಕೊಂಡೆ, ಮುಯ್ಯಿ ಪುಸ್ತಕ ಎಲ್ರೂ ಓದ್ತಾರೆ. ಎರಡನೇ ವರ್ಷದಿಂದ ಯಾರೇ ಆಗ್ಲಿ ಇನ್ನೂರೊಂದು, ಕವರ್ ಮೇಲೆ ನಮ್ಮ ಮನೆ ಹೆಸರು ಅಷ್ಟೇ, ಮೆಂಬರ್ ಅಂತ ಬರೀತಿರ್ಲಿಲ್ಲ.